ಬಸ್ಸಾರಿನ ಸೀಮೆಯಲ್ಲಿ ಬ್ರೊಕೋಲಿ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯ ಮನೆಗಳಲ್ಲಿ ಸೊಪ್ಪು, ಕಾಳು ಬೇಯಿಸಿದ ನೀರನ್ನು ಬಚ್ಚಲಿಗೆ ಸುರಿಯುವುದಿಲ್ಲ. ಬೆಂದದ್ದನ್ನು ಬಸಿದರೆ ಇಳಿಯುವ ಕಟ್ಟು ಸಾರಿಗೆ. ತಪ್ಪಲೆಯಲ್ಲಿ ಉಳಿದದ್ದು ಒಗ್ಗರಣೆ ಬಿದ್ದು ಪಲ್ಯಕ್ಕೆ. ಒಂದೇ ಬೇಯಿಕೆಯಲ್ಲಿ ಮುದ್ದೆಗೆ ಬೇಕಾದ ಎರಡೂ ಸಿದ್ಧ. ಬ್ರೊಕೋಲಿಯನ್ನು ಹೇಗೆ ಬೇಯಿಸಬೇಕು ಎಂದು ಹೊರದೇಶದ ಪ್ರಯೋಗಾಲಯಗಳು ಅಳೆದು ತೂಗಿ ಬರೆದ ಪ್ರಬಂಧಗಳಲ್ಲಿ ಪದೇ ಪದೇ ಎದುರಾಗುವ ದೂರು ಒಂದಿದೆ: ಸಾರವೆಲ್ಲ ನೀರಿಗೆ ಇಳಿಯುತ್ತದೆ, ನೀರು ಚರಂಡಿಗೆ ಹೋಗುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಆ ದೂರು ಹುಟ್ಟುವುದೇ ಇಲ್ಲ.

ಆದರೂ ಬ್ರೊಕೋಲಿ ಎಂದರೆ ಇನ್ನೂ ಪಟ್ಟಣದ ತರಕಾರಿ, ತೂಕ ಇಳಿಸುವವರ ತರಕಾರಿ, ಡಾಕ್ಟರು ಹೇಳಿದರೆ ತಿನ್ನುವ ತರಕಾರಿ. ಬೆಂಗಳೂರಿನಿಂದ ಬರುವ ಮಗನೋ ಸೊಸೆಯೋ ಒಂದು ಹೂ ತಂದಿಟ್ಟರೆ ಅದರ ಗತಿ ಸಾಮಾನ್ಯವಾಗಿ ಎರಡರಲ್ಲಿ ಒಂದು. ಬೇಳೆಯ ಜೊತೆ ಕುಕ್ಕರಿಗೆ ಬಿದ್ದು ಮೂರು ಕೂಗಿಗೆ ಕರಗಿಹೋಗುತ್ತದೆ. ಇಲ್ಲವೇ ಏನು ಮಾಡುವುದೆಂದು ತೋಚದೆ ಫ್ರಿಜ್ಜಿನಲ್ಲೇ ಹಳದಿಯಾಗುತ್ತದೆ. ಎರಡನ್ನೂ ಕಂಡವರು ಬ್ರೊಕೋಲಿಗೆ ರುಚಿಯಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ತರಕಾರಿಯ ಮೇಲಲ್ಲ, ಕುಕ್ಕರಿನ ಮೇಲೆ ಹೋಗಬೇಕಾದದ್ದು.

ಕೋಡಿಹಳ್ಳಿ ಹೋಬಳಿಯ ಒಂದು ಮಗ್ಗುಲಿಗೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಾಡು. ಆ ಉದ್ಯಾನದ ವಲಯಗಳಲ್ಲಿ ಒಂದಕ್ಕೆ ಈ ಊರಿನದೇ ಹೆಸರು. ದಕ್ಷಿಣಕ್ಕೆ ಹೋದರೆ ಕಾವೇರಿ ವನ್ಯಧಾಮ, ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ, ಮೇಕೆದಾಟು. ಹೊಲದ ಬೆಳೆಯೆಂದರೆ ರಾಗಿ, ಅವರೆ, ಹುರುಳಿ, ರೇಷ್ಮೆಗೆ ಹಿಪ್ಪುನೇರಳೆ. ಬೆಳೆ ಮನೆ ಸೇರುವ ಮೊದಲು ಆನೆ ಹಿಂಡಿನ ಲೆಕ್ಕ ಬೇರೆ ಇರುತ್ತದೆ. ಅಡುಗೆಯೂ ಈ ಹೊಲದ್ದೇ: ಮುದ್ದೆ, ಉಪ್ಸಾರು, ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು, ಅವರೆ ಕಾಲದಲ್ಲಿ ಹಿತಕಿದ ಬೇಳೆ. ಬ್ರೊಕೋಲಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಎಲೆಕೋಸಿಗೂ ಹೂಕೋಸಿಗೂ ಒಂದು ಕಾಲಕ್ಕೆ ಜಾಗವಿರಲಿಲ್ಲ.

ಹೂಕೋಸು ಭಾರತಕ್ಕೆ ಬಂದದ್ದು 1822ರಲ್ಲಿ, ಇಂಗ್ಲೆಂಡಿನ ಬೀಜದ ರೂಪದಲ್ಲಿ, ಸಹಾರನಪುರದ ಕಂಪನಿ ಬಾಗಿಗೆ ಎಂದು ತೋಟಗಾರಿಕೆಯ ಪಠ್ಯಗಳು ದಾಖಲಿಸುತ್ತವೆ. ನಮ್ಮ ಕಡೆ ಸೀಮೆಬದನೆಯನ್ನು ತಂದು ಹಬ್ಬಿಸಿದ ಕೀರ್ತಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್‌ಗೆ ಸಲ್ಲುತ್ತದೆ. ಇವತ್ತು ಹೂಕೋಸಿಲ್ಲದ ಸಾಗು ಇಲ್ಲ, ಸೀಮೆಬದನೆಯಿಲ್ಲದ ಮದುವೆ ಹುಳಿ ಇಲ್ಲ. ಬ್ರೊಕೋಲಿ ಅದೇ ದಾರಿಯಲ್ಲಿ ಸ್ವಲ್ಪ ತಡವಾಗಿ ಹೊರಟಿದೆ, ಅಷ್ಟೇ.

ಅದು ಪರಕೀಯವೂ ಅಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಇವು ನಾಲ್ಕೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದ; ಬ್ರಾಸಿಕ ಒಲರೇಸಿಯ ಎಂಬ ಒಂದು ಗಿಡವನ್ನು ಯುರೋಪಿನ ರೈತರು ಶತಮಾನಗಳ ಕಾಲ ಬೇರೆ ಬೇರೆ ಕಡೆಗೆ ತಿದ್ದಿದ ಫಲ. ಎಲೆ ಬೆಳೆಸಿದವರಿಗೆ ಎಲೆಕೋಸು ಸಿಕ್ಕಿತು, ಕಾಂಡ ಉಬ್ಬಿಸಿದವರಿಗೆ ನವಿಲುಕೋಸು. ಇಟಲಿಯವರು ಅರಳದ ಮೊಗ್ಗಿನ ಗೊಂಚಲನ್ನು ಬೆಳೆಸಿದರು. ಸಿಸಿಲಿಯಿಂದ ವಲಸೆ ಹೋದ ದಾರಿಗೋ ಸಹೋದರರು 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದು ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಬಾಸ್ಟನ್ನಿಗೆ ಕಳಿಸಿದ ಮೇಲೆ ಬ್ರೊಕೋಲಿ ಅಮೆರಿಕದ ಮಾರುಕಟ್ಟೆಯ ಸರಕಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹೂಕೋಸು, ಬ್ರೊಕೋಲಿಗಳನ್ನು ಒಟ್ಟಿಗೇ ಎಣಿಸುತ್ತದೆ. ಆ ಎಣಿಕೆಯಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ನಮ್ಮ ಪಾಲಿನಲ್ಲಿ ಹೆಚ್ಚಿನದು ಹೂಕೋಸೇ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೊಳ್ಳುವಾಗ ಮೊಗ್ಗನ್ನು ನೋಡಬೇಕು. ಕಡುಹಸಿರು, ಒಂದಕ್ಕೊಂದು ಅಂಟಿಕೊಂಡ ಬಿಗಿ ಮೊಗ್ಗು ಇದ್ದರೆ ಹೊಸದು. ಅಲ್ಲಲ್ಲಿ ಹಳದಿ ಇಣುಕಿದರೆ ಹೂ ಅರಳಲು ಹೊರಟಿದೆ ಎಂದರ್ಥ; ಕಹಿ ಹೆಚ್ಚಿರುತ್ತದೆ. ಕೊಯ್ದ ಮೇಲೂ ಬ್ರೊಕೋಲಿ ಜೋರಾಗಿ ಉಸಿರಾಡುವ ತರಕಾರಿ, ಬಿಸಿಯಲ್ಲಿ ಒಂದೆರಡು ದಿನಕ್ಕೇ ಸೊರಗುತ್ತದೆ. ಮಾಗಿದ ಬಾಳೆಹಣ್ಣು, ಟೊಮೆಟೊ ಹತ್ತಿರ ಇಟ್ಟರಂತೂ ಅವು ಬಿಡುವ ಎಥಿಲೀನ್ ಅನಿಲಕ್ಕೆ ಇನ್ನೂ ಬೇಗ ಹಳದಿಯಾಗುತ್ತದೆ. ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ನಿಲ್ಲುತ್ತದೆ. ತೊಳೆದಿಡಬಾರದು. ಅಡುಗೆಗೆ ಮುಂಚೆ ಉಪ್ಪು, ಅರಿಸಿನ ಹಾಕಿದ ನೀರಿನಲ್ಲಿ ಹೂವನ್ನು ತಲೆಕೆಳಗಾಗಿ ಹತ್ತು ನಿಮಿಷ ಮುಳುಗಿಸಿದರೆ ಮೊಗ್ಗಿನ ಸಂದಿಯ ಹಸಿರು ಹುಳು ಮೇಲೆ ಬರುತ್ತದೆ. ಹೂಕೋಸಿಗೆ ಮಾಡುವ ಉಪಾಯವೇ.

ದಪ್ಪ ದಂಟನ್ನು ಕತ್ತರಿಸಿ ಎಸೆಯುವುದು ದುಡ್ಡನ್ನೇ ಎಸೆದಂತೆ, ಯಾಕೆಂದರೆ ತೂಕದಲ್ಲಿ ದೊಡ್ಡ ಪಾಲು ಅದರದ್ದೇ. ಹೊರಗಿನ ನಾರು ಸಿಪ್ಪೆ ಹೆರೆದರೆ ಒಳಗಿನ ತಿರುಳು ಎಳೆ ನವಿಲುಕೋಸಿನಷ್ಟೇ ಸಿಹಿ, ಗರಿಗರಿ. ತೆಳ್ಳಗೆ ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಹಾಕಬಹುದು. ಸಾಂಬಾರಿಗೂ ಹೂವಿಗಿಂತ ದಂಟೇ ಹೆಚ್ಚು ಹೊಂದುತ್ತದೆ. ಹೂವು ಸಾರಿನಲ್ಲಿ ಪುಡಿಪುಡಿಯಾಗುತ್ತದೆ, ದಂಟು ಆಗುವುದಿಲ್ಲ.

ಇನ್ನು ಬೇಯಿಸುವ ಮಾತು. ಬ್ರೊಕೋಲಿಗೆ ವೈರಿಗಳು ಎರಡು: ಹೊತ್ತು ಮತ್ತು ಹುಳಿ.

ಕುದಿವ ನೀರಿಗೆ ಬಿದ್ದ ಕೂಡಲೇ ಬ್ರೊಕೋಲಿಯ ಹಸಿರು ಇನ್ನಷ್ಟು ಹೊಳೆಯುತ್ತದೆ. ಜೀವಕೋಶಗಳ ನಡುವೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಿದ್ದು ಒಳಗಿನ ಬಣ್ಣ ನೇರವಾಗಿ ಕಣ್ಣಿಗೆ ಕಾಣುವುದು ಇದಕ್ಕೆ ಕಾರಣ. ಆ ಹೊಳಪು ಐದಾರು ನಿಮಿಷದ ಮಾತು. ಆಮೇಲೆ ಕೋಶಗಳು ಒಡೆದು ತರಕಾರಿಯದೇ ಆಮ್ಲ ಹೊರಬರುತ್ತದೆ. ಪತ್ರಹರಿತ್ತಿನ ನಡುವಿರುವ ಮೆಗ್ನೀಸಿಯಂ ಕಳಚಿಕೊಂಡು ಹಸಿರು ಕಂದಾಗಿ, ಕೊನೆಗೆ ಬೂದು ಬಣ್ಣಕ್ಕೆ ಇಳಿಯುತ್ತದೆ. ಹುಣಸೆಹುಳಿ, ನಿಂಬೆ, ಟೊಮೆಟೊ ಇದೇ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತವೆ. ಜೊತೆಗೆ ಕೋಸಿನ ಜಾತಿಗೆ ಸಹಜವಾದ ಗಂಧಕದ ಅಂಶಗಳು ಒಡೆದು ಹೈಡ್ರೋಜನ್ ಸಲ್ಫೈಡ್ ಎಂಬ ಕೆಟ್ಟ ವಾಸನೆಯ ಅನಿಲ ಹುಟ್ಟುತ್ತದೆ. ಎಲೆಕೋಸನ್ನು ಬೇಯಿಸುವಾಗ ಐದನೇ ನಿಮಿಷದಿಂದ ಏಳನೇ ನಿಮಿಷದೊಳಗೆ ಈ ಅನಿಲ ದುಪ್ಪಟ್ಟಾಗುತ್ತದೆ ಎಂದು ಅಡುಗೆ ವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ ಬರೆದಿದ್ದಾರೆ. ಕುಕ್ಕರಿನೊಳಗೆ ನೀರಿನ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಮೇಲೆ ಮುಚ್ಚಳ ಬಿಗಿ, ವಾಸನೆ ಹೋಗಲು ದಾರಿಯಿಲ್ಲ. ಬ್ರೊಕೋಲಿ ನಾರುತ್ತದೆ ಎನ್ನುವವರು ಮೂಗಿಗೆ ಬಡಿದದ್ದನ್ನೇ ಹೇಳುತ್ತಿದ್ದಾರೆ.

ಹಸಿರು ಉಳಿಯಲೆಂದು ಚಿಟಿಕೆ ಸೋಡಾ ಹಾಕುವವರಿದ್ದಾರೆ. ಬಣ್ಣವೇನೋ ನಿಲ್ಲುತ್ತದೆ. ಸಿ ಜೀವಸತ್ವ ನಾಶವಾಗಿ ತರಕಾರಿ ಲೊಳಲೊಳ ಆಗುತ್ತದೆ. ಬೇಡ.

ಎಲ್ಲಕ್ಕಿಂತ ಸುಲಭದ ಸಾಧನ ಇಡ್ಲಿ ಪಾತ್ರೆ. ಕೆಳಗೆ ನೀರು ಕುದಿಯತೊಡಗಿದ ಮೇಲೆ ತಟ್ಟೆಯಲ್ಲಿ ಹೂಗಳನ್ನು ಹರಡಿ ಮುಚ್ಚಿ ನಾಲ್ಕರಿಂದ ಐದು ನಿಮಿಷ. ಚಾಕುವಿನ ತುದಿ ದಂಟಿನೊಳಗೆ ಸ್ವಲ್ಪ ಬಿಗಿಯಾಗಿ ಇಳಿದರೆ ಸಾಕು; ಕೆಳಗಿಳಿಸಿದ ಮೇಲೂ ಒಳಗಿನ ಬಿಸಿಗೆ ಬೇಯುವುದು ನಡೆದೇ ಇರುತ್ತದೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು 2009ರಲ್ಲಿ ಹಬೆ, ಮೈಕ್ರೋವೇವ್, ಕುದಿಸುವುದು, ಹುರಿಯುವುದು, ಹುರಿದು ಕುದಿಸುವುದು ಈ ಐದನ್ನೂ ಹೋಲಿಸಿ ನೋಡಿದಾಗ ಪತ್ರಹರಿತ್ತನ್ನೂ ಸಿ ಜೀವಸತ್ವವನ್ನೂ ಹೆಚ್ಚು ಕಳೆಯದೆ ಉಳಿಸಿದ್ದು ಹಬೆಯೊಂದೇ. ಹಬೆಯಲ್ಲಿ ಬೆಂದ ಹೂಗಳಿಗೆ ಉಪ್ಪು, ಮೆಣಸಿನ ಪುಡಿ, ಒಂದು ಚಮಚ ತುಪ್ಪ. ರಾತ್ರಿ ಊಟಕ್ಕೆ ಇದಕ್ಕಿಂತ ಕಡಿಮೆ ಕೆಲಸದ ಪಲ್ಯ ಇನ್ನೊಂದಿಲ್ಲ.

ಆದರೆ ಮುದ್ದೆಯೂಟಕ್ಕೆ ಹಬೆಯ ಹೂ ಸಾಲದು, ಸಾರು ಬೇಕು. ಬಸ್ಸಾರಿನ ಹದ ಇಲ್ಲಿ ನೆರವಿಗೆ ಬರುತ್ತದೆ. ಬದಲಿಸಬೇಕಾದದ್ದು ಬೇಯುವ ಸರದಿಯನ್ನು ಮಾತ್ರ. ಸೊಪ್ಪಿನ ಬಸ್ಸಾರಿನಲ್ಲಿ ಕಾಳು, ಸೊಪ್ಪು ಸಾಕಷ್ಟು ಹೊತ್ತು ಒಟ್ಟಿಗೇ ಕುದಿಯುವುದುಂಟು. ಬ್ರೊಕೋಲಿಯಲ್ಲಿ ಹೆಸರುಕಾಳನ್ನೋ ಅಲಸಂದೆಯನ್ನೋ ತೊಗರಿಬೇಳೆಯನ್ನೋ ಮೊದಲು ಪೂರ್ತಿ ಬೇಯಿಸಿಕೊಳ್ಳಬೇಕು, ಬೇಳೆಯಾದರೆ ಕರಗದಂತೆ ಹದವಾಗಿ. ನೀರು ಧಾರಾಳವಾಗಿರಲಿ, ಉಪ್ಪು ಬೀಳಲಿ. ಕಾಳು ಬೆಂದು ನೀರು ಮಕಮಕ ಕುದಿಯುವಾಗ ಮೊದಲು ದಂಟಿನ ಹೋಳು, ಒಂದು ನಿಮಿಷ ಬಿಟ್ಟು ಹೂಗಳು. ಮುಚ್ಚಳ ತೆರೆದೇ ಇರಲಿ, ಆವಿಯಾಗುವ ಆಮ್ಲಗಳೂ ವಾಸನೆಯೂ ಹೊರಗೆ ಹೋಗಲಿ. ಎರಡು, ಹೆಚ್ಚೆಂದರೆ ಮೂರು ನಿಮಿಷಕ್ಕೆ ಬಸಿದುಬಿಡಬೇಕು.

ಸಾರಿನ ಖಾರ ಎಂದಿನದೇ. ಕೆಂಡದ ಮೇಲೋ ಬಾಣಲೆಯಲ್ಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಕಾಯಿತುರಿ, ಚೂರು ಹುಣಸೆ, ಜೊತೆಗೆ ಗಟ್ಟಿ ಬರಲೆಂದು ಒಂದು ಹಿಡಿ ಬೆಂದ ಕಾಳು. ಇದನ್ನು ಅರೆದು ಬಸಿದ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಹುಣಸೆ ಇಲ್ಲಿ ಬಿದ್ದರೂ ನಷ್ಟವಿಲ್ಲ, ಯಾಕೆಂದರೆ ಹೂಗಳು ಆಗಲೇ ಬೇರೆ ಪಾತ್ರೆ ಸೇರಿವೆ. ಬಸಿದುಳಿದ ಹೂ, ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ, ಮೇಲೆ ಕಾಯಿತುರಿ. ಬೆಂದ ಬ್ರೊಕೋಲಿಯಿಂದ ಇಳಿದ ಸಿ ಜೀವಸತ್ವದಲ್ಲಿ ಸ್ವಲ್ಪ ಸಾರು ಕುದಿಯುವಾಗ ಹೋಗುತ್ತದೆ ನಿಜ. ಆದರೆ ಖನಿಜಗಳು, ನೀರಿನಲ್ಲಿ ಕರಗುವ ಉಳಿದ ಸತ್ವ, ಮುಖ್ಯವಾಗಿ ರುಚಿ, ಎಲ್ಲ ತಟ್ಟೆಯಲ್ಲೇ ಇರುತ್ತವೆ.

ಉಪ್ಸಾರು ಇದಕ್ಕಿಂತಲೂ ಒಳ್ಳೆಯ ಜೋಡಿ ಎಂದು ಹೇಳಿದರೆ ತಪ್ಪಾಗದು. ಅಲ್ಲಿ ಬಸಿದ ನೀರನ್ನು ಮತ್ತೆ ಮಸಾಲೆ ಹಾಕಿ ಕುದಿಸುವ ಗೋಜೂ ಇಲ್ಲ. ಉಪ್ಪು ಬಿದ್ದ ತಿಳಿ ಕಟ್ಟು ಹಾಗೇ ಮುದ್ದೆಯ ಸುತ್ತ. ಪಕ್ಕದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಸೇರಿಸಿ ಅರೆದ ಖಾರದ ಉಂಡೆ. ಬೇಕಾದಷ್ಟನ್ನು ಉಣ್ಣುವವರೇ ಕಲಸಿಕೊಳ್ಳುತ್ತಾರೆ. ಎರಡು ನಿಮಿಷ ಬೆಂದು ಹಸಿರಾಗಿಯೇ ಉಳಿದ ಬ್ರೊಕೋಲಿಯನ್ನು ಆ ಖಾರಕ್ಕೆ ಅದ್ದಿ ತಿಂದವರು ಇನ್ನು ಮುಂದೆ ಅದನ್ನು ರೋಗಿಗಳ ಊಟ ಎನ್ನಲಾರರು.

ಬರೀ ಪಲ್ಯವೇ ಬೇಕೆಂದರೆ ಬಾಂಡ್ಲಿ ಚೆನ್ನಾಗಿ ಕಾದಿರಬೇಕು. ಕಡಲೆಬೇಳೆ, ಉದ್ದಿನಬೇಳೆ ಕೆಂಪಾದ ಮೇಲೆ ಹೂಗಳನ್ನು ಹಾಕಿ ದೊಡ್ಡ ಉರಿಯಲ್ಲಿ ಎರಡು ನಿಮಿಷ ಹುರಿದು, ಕೈಯಲ್ಲಿ ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿದರೆ ಮುಗಿಯಿತು. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಟ್ಟು ಹುರಿಯುವುದು ಬೇಯುವುದಾಗುತ್ತದೆ. ನಿಂಬೆರಸ ಒಲೆ ಆರಿಸಿದ ಮೇಲೆ, ಬಡಿಸುವ ಮುನ್ನ. ಒಂದು ಬಟ್ಟಲು ನೆನೆಸಿದ ಹೆಸರುಬೇಳೆ ಸೇರಿದರೆ ಪಲ್ಯ ಉದುರುದುರಾಗಿ ಚಪಾತಿಗೂ ಬರುತ್ತದೆ.

ಈ ಒಗ್ಗರಣೆಯ ಸಾಸಿವೆಯ ಬಗ್ಗೆ ಒಂದು ಸ್ವಾರಸ್ಯದ ವಿಚಾರವಿದೆ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಮತ್ತು ಸಂಗಡಿಗರು ಬ್ರೊಕೋಲಿಯಿಂದ ಸಲ್ಫೊರಾಫೇನ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ದೇಹದ ವಿಷ ನಿವಾರಕ ಕಿಣ್ವಗಳನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿದರು. ಬ್ರೊಕೋಲಿಯ ಇವತ್ತಿನ ಹೆಸರು, ಬೆಲೆ ಎರಡರ ಹಿಂದೆಯೂ ಆ ಸಂಶೋಧನೆಯ ಪಾಲು ದೊಡ್ಡದು. ತಮಾಷೆಯೆಂದರೆ ಗಿಡದಲ್ಲಿ ಸಲ್ಫೊರಾಫೇನ್ ಸಿದ್ಧವಾಗಿ ಇರುವುದಿಲ್ಲ. ಅದರ ಮೂಲವಸ್ತು ಒಂದು ಕಡೆ, ಅದನ್ನು ಒಡೆಯುವ ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಶಗಳಲ್ಲಿ. ಹುಳು ಕಡಿದಾಗಲೋ ಚಾಕು ಇಳಿದಾಗಲೋ ಎರಡೂ ಕೂಡಿ ಸಲ್ಫೊರಾಫೇನ್ ಹುಟ್ಟುತ್ತದೆ. ಗಿಡಕ್ಕೆ ಅದು ಹುಳುವನ್ನು ಓಡಿಸುವ ಅಸ್ತ್ರ. ಬಿಸಿಗೆ ಈ ಕಿಣ್ವ ಬೇಗ ಸಾಯುತ್ತದೆ. ಇಡೀ ಹೂವನ್ನು ಹಾಗೇ ಕುದಿವ ನೀರಿಗೆ ಹಾಕಿದರೆ ಮೂಲವಸ್ತು ಉಳಿದರೂ ಅದನ್ನು ಒಡೆಯುವವರಿಲ್ಲ.

ಇದಕ್ಕೆ ಒಂದು ಪರಿಹಾರ, ಹೆಚ್ಚಿ ಕಾಯುವುದು. ಬ್ರೊಕೋಲಿಯನ್ನು ಸಣ್ಣಗೆ ಹೆಚ್ಚಿ 90 ನಿಮಿಷ ಬಿಟ್ಟು ಹುರಿದಾಗ, ಹೆಚ್ಚಿದ ಕೂಡಲೇ ಹುರಿದದ್ದಕ್ಕಿಂತ 2.8 ಪಟ್ಟು ಸಲ್ಫೊರಾಫೇನ್ ಇತ್ತು ಎಂದು ಚೀನಾದ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ಅಷ್ಟು ಹೊತ್ತು ಕಾಯಲು ಯಾರಿಗೂ ಬಿಡುವಿಲ್ಲ. ಆದರೆ ಅಡುಗೆಗೆ ನಿಂತಾಗ ಮೊದಲು ಬ್ರೊಕೋಲಿ ಹೆಚ್ಚಿಟ್ಟು, ಆಮೇಲೆ ಕಾಳು ಬೇಯಲು ಇಟ್ಟು, ಖಾರ ಅರೆದು, ಮುದ್ದೆಗೆ ಎಸರಿಡುವಷ್ಟರಲ್ಲಿ ಅರ್ಧ ಗಂಟೆ ತಾನಾಗಿ ಕಳೆಯುತ್ತದೆ.

ಇನ್ನೊಂದು ಪರಿಹಾರವೇ ಸಾಸಿವೆ. ಅದೂ ಕೋಸಿನ ಕುಟುಂಬದ್ದೇ, ಅದರಲ್ಲೂ ಮೈರೊಸಿನೇಸ್ ಇದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 200 ಗ್ರಾಂ ಬೇಯಿಸಿದ ಬ್ರೊಕೋಲಿಗೆ ಬರೀ 1 ಗ್ರಾಂ ಸಾಸಿವೆ ಪುಡಿ ಬೆರೆಸಿ ತಿಂದವರ ದೇಹ ಸೇರಿದ ಸಲ್ಫೊರಾಫೇನ್, ಸಾಸಿವೆಯಿಲ್ಲದೆ ತಿಂದಾಗಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಹಾಗಾದರೆ ನಮ್ಮ ಒಗ್ಗರಣೆಯೇ ಸಾಕಲ್ಲ ಎಂದು ಕೂಡಲೇ ಹಿಗ್ಗಬೇಕಿಲ್ಲ. ಕಾದ ಎಣ್ಣೆಯಲ್ಲಿ ಚಟಪಟ ಸಿಡಿದ ಸಾಸಿವೆಯಲ್ಲಿ ಘಮ ಇರುತ್ತದೆ, ಕಿಣ್ವ ಇರುವುದಿಲ್ಲ. ಬೇಕಾದದ್ದು ಹಸಿ ಸಾಸಿವೆ.

ಹಸಿ ಸಾಸಿವೆ ಅರೆಯುವ ಅಡುಗೆ ಕನ್ನಡನಾಡಿಗೆ ಹೊಸದಲ್ಲ. ಮಲೆನಾಡು, ಉತ್ತರ ಕನ್ನಡದಲ್ಲಿ ಸಾಸಿವೆ ಎಂದೇ ಕರೆಯುವ ಅಡುಗೆ, ಹಳೇ ಮೈಸೂರಿನ ಮಾವಿನಕಾಯಿ ಚಿತ್ರಾನ್ನ, ಹಸಿ ಗೊಜ್ಜುಗಳು ಎಲ್ಲದರ ಜೀವಾಳ ಕಾಯಿಯ ಜೊತೆ ಅರೆದ ಹಸಿ ಸಾಸಿವೆ. ಬ್ರೊಕೋಲಿ ಸಾಸಿವೆ ಮಾಡಲು ಹೂಗಳನ್ನು ಹಬೆಯಲ್ಲಿ ನಾಲ್ಕು ನಿಮಿಷ ಬೇಯಿಸಿ ಪೂರ್ತಿ ಆರಲು ಬಿಡಬೇಕು. ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಸಾಸಿವೆ, ಎರಡು ಹಸಿಮೆಣಸಿನಕಾಯಿ, ಚೂರು ಬೆಲ್ಲ ಸೇರಿಸಿ ನುಣ್ಣಗೆ ಅರೆದು ಗಟ್ಟಿ ಮೊಸರಿಗೆ ಕಲಸಿ, ಉಪ್ಪು ಹಾಕಿ, ಊಟಕ್ಕೆ ಕೂರುವ ಹೊತ್ತಿಗೆ ಹೂಗಳನ್ನು ಸೇರಿಸಬೇಕು. ಮೊದಲೇ ಸೇರಿಸಿಟ್ಟರೆ ಮೊಸರಿನ ಹುಳಿಗೆ ಬಣ್ಣ ಕೆಡುತ್ತದೆ, ಸಾಸಿವೆ ಕಹಿ ಏರುತ್ತದೆ. ಬ್ರೊಕೋಲಿಗೆ ಕನ್ನಡದ ಅಡುಗೆ ಕೊಡಬಹುದಾದ ಅತ್ಯುತ್ತಮ ರೂಪ ಇದೇ ಎನ್ನಬಹುದು, ರುಚಿಗೂ, ವಿಜ್ಞಾನಕ್ಕೂ.

ಅಂಗಡಿಯ ಶೀತಲೀಕೃತ ಬ್ರೊಕೋಲಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪ್ಯಾಕ್ ಮಾಡುವ ಮುಂಚೆ ಅದನ್ನು ಬಿಸಿನೀರಿನಲ್ಲೋ ಹಬೆಯಲ್ಲೋ ಅದ್ದಿ ತೆಗೆದಿರುತ್ತಾರೆ, ಕಿಣ್ವ ಆಗಲೇ ಸತ್ತಿರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು 2013ರಲ್ಲಿ ಇಂಥ ಬ್ರೊಕೋಲಿಗೆ ಮೂಲಂಗಿ ಪುಡಿ ಬೆರೆಸಿ ಅದರ ಶಕ್ತಿ ಮರಳುವುದನ್ನು ತೋರಿಸಿದರು. ಪಕ್ಕದಲ್ಲಿ ಹಸಿ ಮೂಲಂಗಿ ಕೋಸಂಬರಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಹುರಿದ ಬ್ರೊಕೋಲಿಯ ರುಚಿ ಬೇರೆಯದೇ ಲೋಕ. ಓವನ್ ಇದ್ದವರು 220 ಡಿಗ್ರಿಯಲ್ಲಿ, ಎಣ್ಣೆ ಸವರಿದ ಹೂಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ 18ರಿಂದ 20 ನಿಮಿಷ ಇಡುತ್ತಾರೆ. ಓವನ್ ಇಲ್ಲದ ಮನೆಗೆ ದೋಸೆಯ ಕಬ್ಬಿಣದ ಹೆಂಚೇ ಸಾಕು. ಹೂವನ್ನು ಉದ್ದುದ್ದ ಸೀಳಿ ಚಪ್ಪಟೆ ಮಗ್ಗುಲನ್ನು ಕಾದ ಹೆಂಚಿಗೆ ಒತ್ತಿ, ಅಲುಗಾಡಿಸದೆ ಮೂರು ನಿಮಿಷ ಬಿಡಬೇಕು. ಅಂಚು ಕಂದುಗಪ್ಪಾದಾಗ ಗಂಧಕದ ವಾಸನೆ ಹೋಗಿ ಸುಟ್ಟ ಕಡಲೆಕಾಯಿಯ ಘಮ ಬರುತ್ತದೆ. ಮೊಗ್ಗು ಒದ್ದೆಯಿದ್ದರೆ ಇದು ಆಗುವುದಿಲ್ಲ, ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಮೇಲೆ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿದರೆ, ಹೋಟೆಲುಗಳಲ್ಲಿ ಬಾದಾಮಿ ಚೂರು ಉದುರಿಸಿ ದುಬಾರಿ ಬೆಲೆ ಹೇಳುವ ತಿನಿಸಿಗಿಂತ ಇದು ಒಂದು ಕೈ ಮೇಲು.

ಕರಿದ ತಿನಿಸಿನ ಬಗ್ಗೆ ಎರಡೇ ಮಾತು. ಗೋಬಿ ಮಂಚೂರಿಯ ಜಾಗದಲ್ಲಿ ಬ್ರೊಕೋಲಿ ಮಂಚೂರಿ ಮಾಡಬಹುದು, ಬಜ್ಜಿಯೂ ಆಗುತ್ತದೆ. ಆದರೆ ಸಾವಿರಾರು ಪುಟ್ಟ ಮೊಗ್ಗುಗಳ ನಡುವೆ ಎಣ್ಣೆ ಕೂತುಬಿಡುವುದರಿಂದ ಹೂಕೋಸಿಗಿಂತ ಜಿಡ್ಡು ಹೆಚ್ಚು. ಮನೆಯಲ್ಲಿ ಮಾಡಿದರೆ ಕೃತಕ ಬಣ್ಣದ ಭಯವಂತೂ ಇಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ಬೀದಿ ಗಾಡಿಗಳ ಮಾದರಿ ಪರೀಕ್ಷಿಸಿದ ಮೇಲೆಯೇ.

ಮಕ್ಕಳು ತಿನ್ನುವುದಿಲ್ಲ ಎಂಬುದು ಎಲ್ಲ ದೇಶದ ತಾಯಂದಿರ ದೂರು. ಅದರಲ್ಲಿ ಹಟ ಎಷ್ಟಿದೆಯೋ ಹುಟ್ಟುಗುಣವೂ ಅಷ್ಟೇ ಇದೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ, ಒಂದು ಗಂಧಕಯುಕ್ತ ವಸ್ತು ಕೆಲವರಿಗೆ ತೀರ ಕಹಿಯಾಗಿಯೂ ಕೆಲವರಿಗೆ ರುಚಿಯೇ ಇಲ್ಲದಂತೆಯೂ ಇರುವುದನ್ನು ಕಂಡರು. ನಾಲಿಗೆಯ ಕಹಿ ಗ್ರಾಹಕವನ್ನು ರೂಪಿಸುವ ಒಂದು ವಂಶವಾಹಿಯ ವ್ಯತ್ಯಾಸ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಕೋಸಿನ ಜಾತಿಯ ಕಹಿಯೂ ಅಂಥವರಿಗೆ ಹೆಚ್ಚು ಹತ್ತುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ 1990ರಲ್ಲಿ, ಚಿಕ್ಕಂದಿನಲ್ಲಿ ತಾಯಿ ಬಲವಂತವಾಗಿ ತಿನ್ನಿಸಿದ ಬ್ರೊಕೋಲಿಯನ್ನು ಇನ್ನು ತಿನ್ನುವುದಿಲ್ಲ ಎಂದು ಬಹಿರಂಗವಾಗಿ ಸಾರಿದ್ದರು. ಸಿಟ್ಟಾದ ಬೆಳೆಗಾರರು ವಾಷಿಂಗ್ಟನ್ನಿಗೆ ಟನ್ನುಗಟ್ಟಲೆ ಬ್ರೊಕೋಲಿ ಕಳಿಸಿಕೊಟ್ಟರು.

ಇಂಥ ಪುಟ್ಟ ಅಧ್ಯಕ್ಷರು ಮನೆಯಲ್ಲಿದ್ದರೆ ಅಕ್ಕಿ ರೊಟ್ಟಿ, ರಾಗಿ ರೊಟ್ಟಿಯೇ ದಾರಿ. ಬ್ರೊಕೋಲಿಯನ್ನು ತುರಿದು, ಈರುಳ್ಳಿ, ಸಬ್ಬಸಿಗೆ ಸೊಪ್ಪು, ಕಾಯಿತುರಿಯ ಜೊತೆ ಹಿಟ್ಟಿಗೆ ಕಲಸಿದರೆ ಸಬ್ಬಸಿಗೆಯ ಘಮದಲ್ಲಿ ಅದರ ಸುಳಿವೇ ಹತ್ತುವುದಿಲ್ಲ. ಉಪ್ಪು ಕಹಿಯನ್ನು ಅಡಗಿಸುತ್ತದೆ, ತುಪ್ಪ ಕಹಿಯನ್ನು ಮೃದುಗೊಳಿಸುತ್ತದೆ. ಮೊಟ್ಟೆ ತಿನ್ನುವ ಮನೆಯಲ್ಲಿ ಮೊಟ್ಟೆ ಪಲ್ಯಕ್ಕೆ ಸಣ್ಣಗೆ ಹೆಚ್ಚಿದ ಹೂ ಹಾಕುವುದು ಇನ್ನೂ ಸುಲಭ.

ಎಲ್ಲಿ ಬೇಡ ಎನ್ನುವುದನ್ನೂ ಹೇಳಬೇಕು. ಮಾಗಡಿಯ ಸೊಗಡವರೆ ಬಂದ ಕಾಲದಲ್ಲಿ ಹಿತಕಿದ ಬೇಳೆಯ ಸಾರಿಗೆ ಬ್ರೊಕೋಲಿ ಹಾಕುವುದು ಅಪಚಾರ. ಅವರೆಯ ಸೊಗಡಿಗೂ ಕೋಸಿನ ಗಂಧಕಕ್ಕೂ ಕೂಡಿಬರುವುದಿಲ್ಲ, ಎರಡೂ ಸೋಲುತ್ತವೆ. ಬಹಳ ಹೊತ್ತು ಕುದಿಯುವ ಹುಳಿಗೂ ಹೂ ಸಲ್ಲದು. ಹಾಕಲೇಬೇಕೆಂದರೆ ಇಳಿಸುವ ಮೂರು ನಿಮಿಷ ಮುಂಚೆ.

ಆರೋಗ್ಯದ ಲೆಕ್ಕದಲ್ಲಿ ಒಂದಿಷ್ಟು ಪ್ರಾಮಾಣಿಕತೆ ಬೇಕು. 100 ಗ್ರಾಂ ಹಸಿ ಬ್ರೊಕೋಲಿಯಲ್ಲಿ ಸುಮಾರು 89 ಮಿಲಿಗ್ರಾಂ ಸಿ ಜೀವಸತ್ವ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಎಂದು ನಿಗದಿ ಮಾಡಿದೆ. ಅರ್ಧ ಕಳೆದರೂ ಲಾಭವೇ. ಆದರೆ ಅದೊಂದಕ್ಕೇ ಆದರೆ ಹಿತ್ತಲ ಸೀಬೆಹಣ್ಣಿನಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚಿದೆ. ಕ್ಯಾಲ್ಸಿಯಮ್ಮಿಗೆಂದು ಬ್ರೊಕೋಲಿ ಕೊಳ್ಳುವವರು ತಿಳಿದಿರಲಿ: ಅದರ 100 ಗ್ರಾಮಿನಲ್ಲಿ 47 ಮಿಲಿಗ್ರಾಂ, ಅಷ್ಟೇ ರಾಗಿಯಲ್ಲಿ 300ಕ್ಕೂ ಮೇಲೆ. ಮುದ್ದೆಯನ್ನು ಕಡೆಗಣಿಸಿ ಬ್ರೊಕೋಲಿ ಹಿಡಿಯುವುದು ಜಾಣತನವಲ್ಲ; ಮುದ್ದೆಯ ಜೊತೆ ತಿಂದರೆ ಸರಿ. ಸಲ್ಫೊರಾಫೇನ್ ಔಷಧಿಯೂ ಅಲ್ಲ, ಕಾಯಿಲೆ ವಾಸಿ ಮಾಡುತ್ತದೆಂದು ಹೇಳುವವರನ್ನು ನಂಬಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಕೆ ಜೀವಸತ್ವ ಹೆಚ್ಚಿರುವ ಈ ತರಕಾರಿಯನ್ನು ಒಮ್ಮೆಲೇ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಇನ್ನು ಹಿತ್ತಲಲ್ಲೇ ಬೆಳೆಯಬಯಸುವವರ ಪ್ರಶ್ನೆ. ಹಗಲು ಹೆಚ್ಚು ಕಾಯದ, ರಾತ್ರಿ ತಂಪಿರುವ ತಿಂಗಳು ಬೇಕು. ಬಯಲುಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಸಿ ಮಡಿ ಹಾಕಿದರೆ ನಾಟಿಯಾದ ಎರಡು ಎರಡೂವರೆ ತಿಂಗಳಿಗೆ, ಚಳಿ ಇರುವಾಗಲೇ ಹೂ ಸಿಗುತ್ತದೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕತ್ರಾಯಿನ್ ಕೇಂದ್ರದ ಪೂಸಾ ಕೆಟಿಎಸ್-1 ನಮ್ಮ ದೇಶದ್ದೇ ತಳಿ. ದೊಡ್ಡ ಶತ್ರು ಡೈಮಂಡ್ ಬ್ಯಾಕ್ ಪತಂಗದ ಹಸಿರು ಹುಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಲೆಕೋಸಿಗೆಂದು ರೂಪಿಸಿದ ಉಪಾಯದಲ್ಲಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ: ಒಂದು ಸಾಲು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿಯಾದ 25 ದಿನಕ್ಕೆ. ಪತಂಗ ಕೋಸು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ. ಬ್ರೊಕೋಲಿ ಮಡಿಯ ಅಂಚಿಗೂ ಒಂದು ಹಿಡಿ ಸಾಸಿವೆ ಚೆಲ್ಲಿ ನೋಡಬಹುದು.

ನಡುವಿನ ದೊಡ್ಡ ಹೂವನ್ನು ಒಂದು ಗೇಣು ದಂಟಿನ ಸಮೇತ ಕೊಯ್ದ ಮೇಲೆ ಗಿಡವನ್ನು ಕೀಳಬಾರದು. ಎಲೆಯ ಕಂಕುಳಲ್ಲಿ ಹೆಬ್ಬೆರಳ ಗಾತ್ರದ ಮರಿ ಹೂಗಳು ಕೆಲವು ವಾರ ಬರುತ್ತಲೇ ಇರುತ್ತವೆ. ಅವನ್ನು ಹೆಚ್ಚುವ, ಹೆರೆಯುವ ಕೆಲಸವಿಲ್ಲ, ಹಾಗೇ ಬಾಂಡ್ಲಿಗೆ. ಎಳೆಯ ಎಲೆಗಳು ಬೆರಕೆ ಸೊಪ್ಪಿನ ಜೊತೆ ಮಸ್ಸೊಪ್ಪಿಗೆ ಹೋಗುತ್ತವೆ. ಬಲಿತ ಎಲೆಯನ್ನು ದನ ಬೇಡವೆನ್ನುವುದಿಲ್ಲ.